ಹೋಗುವ ಹೊತ್ತು, ಬರುವ ಹೊತ್ತು

ವೇಳೆಯನ್ನು ತಿಳಿಸುವ ಮಾತಿಗೂ ವೇಳೆ ಹಿಡಿಯುತ್ತದೆ. 'ಈಗ ಹನ್ನೆರಡು ಗಂಟೆ' ಎಂಬ ಸುದ್ದಿ ದೂರದ ಊರನ್ನು ಮುಟ್ಟುವಷ್ಟರಲ್ಲಿ ಆ 'ಈಗ' ಕಳೆದುಹೋಗಿರುತ್ತದೆ. ಹಾಗಿದ್ದರೆ ಪರಸ್ಪರ ದೂರವಿರುವ ಎರಡು ಗಡಿಯಾರಗಳನ್ನು ಹೊಂದಿಸುವುದು ಹೇಗೆ?

೧೮೬೬ರ ಜುಲೈ ತಿಂಗಳಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಯು ಐರ್ಲೆಂಡಿನ ವ್ಯಾಲೆಂಷಿಯಾ ದ್ವೀಪವನ್ನು ನ್ಯೂಫೌಂಡ್‌ಲೆಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಯೊಡನೆ ಜೋಡಿಸಿತು. ಅದೇ ವರ್ಷ ಅಮೆರಿಕದ ಖಗೋಳಜ್ಞ ಬೆಂಜಮಿನ್ ಗೂಲ್ಡ್ ಅವರು ಆ ತಂತಿಯ ನೆರವಿನಿಂದ ಎರಡು ತೀರಗಳ ರೇಖಾಂಶದ ಅಂತರವನ್ನು ಅಳೆಯಹೊರಟರು. ರೇಖಾಂಶದ ಅಂತರವೆಂದರೆ ಎರಡೂರುಗಳ ಸ್ಥಳೀಯ ವೇಳೆಯ ಅಂತರವೇ ಸರಿ. ಇಲ್ಲಿ ಒಂದು ಸೆಕೆಂಡು ತಪ್ಪಿದರೆ, ಭೂಮಧ್ಯರೇಖೆಯ ಮೇಲೆ ಸುಮಾರು ೪೬೦ ಮೀಟರು ತಪ್ಪಿದಂತೆ. ಸಂಕೇತವು ತಂತಿಯೊಳಗೆ ಕಳೆಯುವ ಕ್ಷಣವನ್ನು ಅಲಕ್ಷಿಸುವಂತಿರಲಿಲ್ಲ.

ಉಪಾಯವೇನೋ ಸರಳ. ಪೂರ್ವದಿಂದ ಪಶ್ಚಿಮಕ್ಕೆ ಸಂಕೇತ ಕಳುಹಿಸಿದರೆ, ವಿಳಂಬದ ದೆಸೆಯಿಂದ ವೇಳೆಯ ಅಂತರ ಕಡಿಮೆಯಾಗಿ ಕಾಣುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಕಳುಹಿಸಿದರೆ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ಎರಡರ ಸರಾಸರಿ ತೆಗೆದರೆ ವಿಳಂಬ ತಾನಾಗಿ ಅಳಿದುಹೋಗುತ್ತದೆ. ಆದರೆ ಈ ಲೆಕ್ಕದ ತಳದಲ್ಲಿ ಒಂದು ನಂಬಿಕೆ ಅಡಗಿದೆ: ಹೋಗುವ ಹೊತ್ತೂ ಬರುವ ಹೊತ್ತೂ ಸಮ. ೧೯೦೫ರಲ್ಲಿ ಐನ್‌ಸ್ಟೈನ್ ಅವರು ಬೆಳಕಿನ ಸಂಕೇತಗಳಿಂದ ಗಡಿಯಾರ ಹೊಂದಿಸುವ ವಿಧಾನವನ್ನು ವಿವರಿಸುವಾಗ ಈ ಸಮತೆಯನ್ನು ಒಂದು ವ್ಯಾಖ್ಯೆಯಾಗಿಯೇ ಮುಂದಿಟ್ಟರು.

ಅಮೆರಿಕದ ಡೇವಿಡ್ ಮಿಲ್ಸ್ ಅವರು ಗಣಕಯಂತ್ರಗಳ ಗಡಿಯಾರಗಳಿಗಾಗಿ ೧೯೮೫ರಲ್ಲಿ ಪ್ರಕಟಿಸಿದ ನಿಯಮಾವಳಿಯೂ ಇದೇ ದಾರಿಯದು. ಒಂದು ಯಂತ್ರ ವೇಳೆ ಕೇಳುತ್ತದೆ, ಇನ್ನೊಂದು ಉತ್ತರಿಸುತ್ತದೆ. ಹೋಗಿಬಂದ ಹೊತ್ತನ್ನು ಅರ್ಧಿಸಲಾಗುತ್ತದೆ. ಆದರೆ ಗಣಕಗಳ ಜಾಲವು ಸಾಗರದ ಒಂಟಿ ತಂತಿಯಂತಲ್ಲ. ಪ್ರಶ್ನೆ ಒಂದು ದಾರಿಯಲ್ಲಿ ಹೋಗಿ ಉತ್ತರ ಮತ್ತೊಂದು ದಾರಿಯಲ್ಲಿ ಬರಬಹುದು. ನಡುವಣ ಕೂಡುಗಳಲ್ಲಿ ಸರತಿಗಾಗಿ ಕಾಯಲೂಬಹುದು. ಹೋಗಲು ೮೦ ಮಿಲಿಸೆಕೆಂಡು, ಬರಲು ೨೦ ಎಂದಾದರೆ, ಗಡಿಯಾರವು ವ್ಯತ್ಯಾಸದ ಅರ್ಧದಷ್ಟು, ಎಂದರೆ ೩೦ ಮಿಲಿಸೆಕೆಂಡು ತಪ್ಪುತ್ತದೆ. ಈ ಪ್ರಶ್ನೋತ್ತರವನ್ನು ಎಷ್ಟು ಪರೀಕ್ಷಿಸಿದರೂ ಆ ತಪ್ಪು ಅದರೊಳಗೆ ಕಾಣಸಿಗದು.

ಆದ್ದರಿಂದ ಹಲವು ಬಾರಿ ಕೇಳುವುದು, ಹಲವರನ್ನು ಕೇಳುವುದು, ಬೇಗನೆ ಮರಳಿದ ಉತ್ತರವನ್ನು ಹೆಚ್ಚು ನೆಚ್ಚುವುದು ರೂಢಿಯಾಯಿತು. ಸರದಿಯಲ್ಲಿ ಕಾಯದೆ ಬಂದ ಉತ್ತರದಲ್ಲಿ ತಪ್ಪಿಗೆ ಎಡೆ ಕಡಿಮೆ. ತಪ್ಪು ಎಷ್ಟೆಂದು ತಿಳಿಯದಿದ್ದರೂ, ಅದು ಹೋಗಿಬಂದ ಹೊತ್ತಿನ ಅರ್ಧವನ್ನು ಮೀರದೆಂಬುದು ಮಾತ್ರ ಖಚಿತ. ದೂರದವರ 'ಈಗ'ವನ್ನು ನಾವು ನೇರವಾಗಿ ಕಾಣಲಾರೆವು. ನಮ್ಮ ಅರಿವಿನ ಆಚೆ ಉಳಿದದ್ದು ಎಷ್ಟರೊಳಗಿದೆ ಎಂಬುದನ್ನು ಬಲ್ಲೆವು. ಇಂದಿನ ಜಗತ್ತಿನ ವ್ಯವಹಾರವೆಲ್ಲ ಆ ಅರಿವಿನ ಮೇಲೆ ನಡೆಯುತ್ತಿದೆ.