ಹೊಗೆಸೊಪ್ಪಿನಲ್ಲಿ ಊಟ ಹುಡುಕಿದ ವಿಜ್ಞಾನಿ

ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೋಟೀನುಗಳ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲೇ ಬರುವ ಹೆಸರು ರುಬಿಸ್ಕೊ. ಬಿಸ್ಕತ್ತಿನ ಕಂಪನಿ ಹೆಸರಿನ ಹಾಗಿದೆ ಅಲ್ವಾ? ಅದು ಕಾಕತಾಳೀಯವೇನಲ್ಲ, ಕೊನೆಯಲ್ಲಿ ಹೇಳ್ತೀನಿ :-)

ಇದನ್ನು ಎಲೆಯಿಂದ ಹೊರತೆಗೆದು ಪರಿಚಯಿಸಿದವರು ಅಮೆರಿಕದ ಸ್ಯಾಮ್ ವೈಲ್ಡ್‌ಮನ್. 2002ರಲ್ಲಿ, ವಯಸ್ಸಾದ ಮೇಲೆ, ತಮ್ಮ ಸಂಶೋಧನೆಯ ದಾರಿಯ ಬಗ್ಗೆ ಅವರೇ ಒಂದು ಲೇಖನ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಹಿಡಿಸಿದ್ದು ಅವರ ಜಾಣತನಕ್ಕಿಂತ ಹೆಚ್ಚಾಗಿ ಅವರ ಪಟ್ಟು.

ಅವರು ಹುಡುಕಲು ಹೊರಟಿದ್ದು ಬೇರೆಯದೇ. ಗಿಡ ಬೆಳೆಯಲು ಬೇಕಾದ ಆಕ್ಸಿನ್ ಎಂಬ ಹಾರ್ಮೋನು ಎಲೆಯ ಯಾವ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ ಎಂದು ನೋಡಬೇಕಿತ್ತು. ಕ್ಯಾಲ್‌ಟೆಕ್‌ನಲ್ಲಿ ಜೇಮ್ಸ್ ಬಾನರ್ ಜೊತೆ ಸೇರಿ ಪಾಲಕ್ ಸೊಪ್ಪನ್ನು ಅರೆದು, ರಸ ತೆಗೆದು, ಅದಕ್ಕೆ ಅಮೋನಿಯಂ ಸಲ್ಫೇಟ್ ಉಪ್ಪು ಬೆರೆಸಿದರು. ಹೀಗೆ ಮಾಡಿದರೆ ಕೆಲವು ಪ್ರೋಟೀನುಗಳು ಬೇಗ ಒತ್ತರಿಸಿಕೊಂಡು ಕೆಳಗೆ ಕೂರುತ್ತವೆ. ಮೊದಲು ಕೂತಿದ್ದಕ್ಕೆ 'ಫ್ರ್ಯಾಕ್ಷನ್ ಒನ್', ಅಂದರೆ ಮೊದಲ ಪಾಲು ಎಂದು ಹೆಸರಿಟ್ಟರು. ವಿದ್ಯುತ್ತಿನ ಸೆಳೆತದಲ್ಲಿ ಓಡಿಸಿ ನೋಡಿದಾಗ ಅಚ್ಚರಿ... ಅಷ್ಟೊಂದು ದೊಡ್ಡ ಪಾಲು ಬಹುತೇಕ ಒಂದೇ ಪ್ರೋಟೀನು! 1947ರಲ್ಲಿ ಇದು ಪ್ರಕಟವಾಯಿತು.

ಸರಿ, ಆದರೆ ಇದರ ಕೆಲಸವೇನು? ಯಾರಿಗೂ ಗೊತ್ತಿರಲಿಲ್ಲ. 1949ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಹೊಗೆಸೊಪ್ಪಿಗೆ ಮೊಸಾಯಿಕ್ ವೈರಸ್ ತಗುಲಿದಾಗ ವೈರಸ್ಸಿನ ಪ್ರೋಟೀನು ಹೆಚ್ಚುತ್ತಾ ಹೋದಂತೆ ಎಲೆಯ ಈ ಮುಖ್ಯ ಪ್ರೋಟೀನು ಕರಗುತ್ತಿತ್ತು. ಕೆಲಸ ಮಾತ್ರ ಇನ್ನೂ ಒಗಟು. ಸುಮಾರು ಹತ್ತು ವರ್ಷ, ಏನು ಮಾಡುತ್ತದೆಂದೇ ತಿಳಿಯದ ಒಂದು ವಸ್ತುವನ್ನು ಬಿಡದೆ ಹಿಡಿದುಕೊಂಡಿದ್ದರು ಈ ಪುಣ್ಯಾತ್ಮ.

1956ರಲ್ಲಿ ವೈಸ್‌ಬಾಖ್, ಹೊರೆಕರ್, ಹರ್ವಿಟ್ಜ್ ಎಂಬುವರು ಪಾಲಕ್ಕಿನಿಂದ ಒಂದು ಕಿಣ್ವವನ್ನು ಶುದ್ಧ ಮಾಡಿದರು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಕಟ್ಟುವ ಕೆಲಸದ ಮೊದಲ ಹೆಜ್ಜೆ ಅದರದ್ದು. ಗಾತ್ರ ನೋಡಿದರೆ ವೈಲ್ಡ್‌ಮನ್‌ಗೆ ಹಳೇ ಪರಿಚಯ! 1957ರಲ್ಲಿ ಅವರ ಗುಂಪು ಎರಡೂ ಒಂದೇ ಇರಬೇಕು ಎಂದು ತೋರಿಸಿತು. ನಾವು ತಿನ್ನುವ ಪ್ರತಿ ತುತ್ತಿನ ಹಿಂದೆಯೂ ಇದೇ ಕಿಣ್ವ. ಇದು ಮಹಾ ಸೋಮಾರಿ, ಸೆಕೆಂಡಿಗೆ ಕೆಲವೇ ಅಣುಗಳನ್ನು ಹಿಡಿಯುತ್ತದೆ. ಅದಕ್ಕೇ ಎಲೆ ಇದನ್ನು ರಾಶಿಗಟ್ಟಲೆ ಇಟ್ಟುಕೊಳ್ಳಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದಾಗ ಜೀವಂತ ಎಲೆಯ ಕೋಶದೊಳಗೆ ಕ್ಲೋರೋಪ್ಲಾಸ್ಟುಗಳು ಹೇಗೆ ಅಲುಗಾಡುತ್ತವೆ ಎಂದು ಸಿನಿಮಾ ತೆಗೆದರು. 1962ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕ್ಲೋರೋಪ್ಲಾಸ್ಟು ಬಾಲದಂಥ ಚಾಚುಗಳನ್ನು ಹೊರಚಾಚುವುದು ಕಂಡಿತ್ತು. 1997ರಲ್ಲಿ ಹೊಳೆಯುವ ಪ್ರೋಟೀನು ಬಳಸಿ ಬೇರೆಯವರು ನೋಡಿದ ಮೇಲೇ ಅವುಗಳ ಕಡೆ ಮತ್ತೆ ಎಲ್ಲರ ಗಮನ ಹೋಗಿದ್ದು.

ಇನ್ನೊಂದು ಸೊಗಸಾದ ಲೆಕ್ಕಾಚಾರ ಕೇಳಿ. ರುಬಿಸ್ಕೊದಲ್ಲಿ 8 ದೊಡ್ಡ, 8 ಸಣ್ಣ ತುಂಡುಗಳಿವೆ. ಹೊಗೆಸೊಪ್ಪಿನ ಬೇರೆ ಬೇರೆ ಜಾತಿಗಳನ್ನು ಕೂಡಿಸಿ, ಒಮ್ಮೆ ಇದನ್ನು ತಾಯಿ ಮಾಡಿ ಒಮ್ಮೆ ಅದನ್ನು ತಾಯಿ ಮಾಡಿ, ಮಕ್ಕಳ ಪ್ರೋಟೀನನ್ನು ಕತ್ತರಿಸಿ ಚೂರುಗಳನ್ನು ಹೋಲಿಸಿದರು. ದೊಡ್ಡ ತುಂಡು ಯಾವಾಗಲೂ ತಾಯಿಯಂತೆ, ಸಣ್ಣದಕ್ಕೆ ಅಪ್ಪ ಅಮ್ಮ ಇಬ್ಬರ ಪಾಲು. ಅಂದರೆ ದೊಡ್ಡದರ ಮಾಹಿತಿ ಕ್ಲೋರೋಪ್ಲಾಸ್ಟಿನ ಡಿಎನ್‌ಎಯಲ್ಲಿ, ಸಣ್ಣದರದ್ದು ಕೋಶಕೇಂದ್ರದಲ್ಲಿ! ಇದು 1972ರ ಮಾತು. ಇದೇ ಉಪಾಯದಿಂದ 1974ರಲ್ಲಿ, ನಾವು ಬೆಳೆಯುವ ಹೊಗೆಸೊಪ್ಪಿನ ತಾಯಿ ನಿಕೋಟಿಯಾನಾ ಸಿಲ್ವೆಸ್ಟ್ರಿಸ್ ಎಂಬ ಕಾಡುಜಾತಿ ಎಂದೂ ಹೇಳಿದರು.

1972ರಲ್ಲೇ ಹೊಗೆಸೊಪ್ಪಿನ ರಸದಿಂದ ಈ ಪ್ರೋಟೀನಿನ ಹರಳುಗಳನ್ನು ಸುಲಭವಾಗಿ, ಹೇರಳವಾಗಿ ತೆಗೆಯುವ ದಾರಿಯೂ ಸಿಕ್ಕಿತು. ತೊಳೆದರೆ ನಿಕೋಟಿನ್ ಇಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಇಲಿಗಳಿಗೆ ತಿನ್ನಿಸಿ ನೋಡಿದರೆ ಹಾಲಿನ ಕೇಸೀನಿಗೆ ಏನೂ ಕಡಿಮೆಯಿಲ್ಲ. ಹಾಗಾದರೆ ಇದನ್ನು ಮನುಷ್ಯರು ಯಾಕೆ ತಿನ್ನಬಾರದು ಎಂಬುದೇ ಅವರ ಹಠವಾಯಿತು.

ನಗಬೇಡಿ. ಎಲೆಯ ಪ್ರೋಟೀನಿನ ಆಸೆ ನಮ್ಮಲ್ಲೂ ಇತ್ತು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಊಟ ಮಾಡುವ ಶಾಲಾ ಮಕ್ಕಳಿಗೆ ಎಲೆಯಿಂದ ತೆಗೆದ ಪ್ರೋಟೀನು ಕೊಟ್ಟು ಬೆಳವಣಿಗೆ ನೋಡಿದ ಅಧ್ಯಯನ 1969ರಲ್ಲಿ ಪ್ರಕಟವಾಗಿದೆ.

1979ರಲ್ಲಿ ವೈಲ್ಡ್‌ಮನ್ ನಿವೃತ್ತಿಯ ಗೌರವಾರ್ಥ ನಡೆದ ವಿಚಾರಗೋಷ್ಠಿಯಲ್ಲಿ ಡೇವಿಡ್ ಐಸೆನ್‌ಬರ್ಗ್ ತಮಾಷೆ ಮಾಡಿದರು. ಕಿಣ್ವದ ಮಾರುದ್ದದ ಹೆಸರನ್ನು ಚಿಕ್ಕದು ಮಾಡಿ, ನಬಿಸ್ಕೊ ಬಿಸ್ಕತ್ತಿನ ಕಂಪನಿಯ ಧಾಟಿಯಲ್ಲಿ 'ರುಬಿಸ್ಕೊ' ಅಂದರು. ತಮಾಷೆ ಪಠ್ಯಪುಸ್ತಕ ಸೇರಿತು. ಹೊಗೆಸೊಪ್ಪಿನ ಪ್ರೋಟೀನು ಮಾತ್ರ ತಟ್ಟೆ ಸೇರಲಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನು ನೆನೆದಾಗ ನನಗೆ ಅನಿಸುವುದಿಷ್ಟು: ಅಷ್ಟೊಂದು ಊಟ ಆ ಎಲೆಯಲ್ಲೇ ಇದೆ, ನಾವು ಅದನ್ನು ಹೊಗೆ ಮಾಡಿ ಬಿಡುತ್ತಿದ್ದೇವೆ. ನೀವೇನಂತೀರಿ?