ತೀರುವುದು, ತೀರಿಸುವುದು

ಕನ್ನಡದಲ್ಲಿ ಅಕ್ಕಿಯೂ ತೀರುತ್ತದೆ, ಸಾಲವೂ ತೀರುತ್ತದೆ, ಅಜ್ಜನೂ ತೀರಿಕೊಳ್ಳುತ್ತಾನೆ. ಡಬ್ಬಿ ಬರಿದಾದರೂ, ಸೊಸೈಟಿಯ ಕೊನೆಯ ಕಂತು ಕಟ್ಟಿ ಬಂದರೂ, ಮನೆಯ ಹಿರಿಯರು ಕಣ್ಣು ಮುಚ್ಚಿದರೂ ನಮ್ಮ ಬಾಯಿಗೆ ಬರುವುದು ಒಂದೇ ಮಾತು. ‘ಸತ್ತರು’ ಎನ್ನಲು ನಾಲಿಗೆ ಹಿಂಜರಿದಾಗ ‘ತೀರಿಕೊಂಡರು’ ಎನ್ನುತ್ತೇವೆ. ಕೊಡುವುದು ಕೊಳ್ಳುವುದನ್ನೆಲ್ಲ ತಾವೇ ಚುಕ್ತಾ ಮಾಡಿ ಎದ್ದುಹೋದರು ಎಂಬ ಮರ್ಯಾದೆ ಆ ‘ಕೊಂಡರು’ವಿನಲ್ಲಿ ಅಡಗಿದೆ. ದೇವರಿಗೆ ಹರಕೆ ತೀರಿಸುತ್ತೇವೆ, ದಾಯಾದಿಯ ಮೇಲೆ ಸೇಡು ತೀರಿಸಿಕೊಳ್ಳುತ್ತೇವೆ, ಯಾರಿಗೂ ಹೇಳದೆ ತೆವಲು ತೀರಿಸಿಕೊಳ್ಳುತ್ತೇವೆ. ಪಂಚಾಯಿತಿಯದು ತೀರ್ಮಾನ, ಕೋರ್ಟಿನದು ತೀರ್ಪು. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಧಾತುವಿಗೆ ಹೆಚ್ಚುಕಡಿಮೆ ಇದೇ ಸಂಸಾರ. ನದಿಯ ‘ತೀರ’ ಮಾತ್ರ ಬೇರೆ ಮನೆಯ ಮಗು, ಸಂಸ್ಕೃತದಿಂದ ಬಂದದ್ದು.

ಈ ಪದ ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ದೆಸೆಯಿಂದ. ಟ್ರೆಂಟ್ ನದಿಯ ದಡದಲ್ಲಿ ಮೈದಾನವಿರುವ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 2024ರ ಮಾರ್ಚ್‌ನಲ್ಲಿ ಸ್ವತಂತ್ರ ಆಯೋಗವೊಂದು ನಾಲ್ಕು ಅಂಕ ಕಡಿತದ ಶಿಕ್ಷೆ ಕೊಟ್ಟಿತು. ಅಂಗಳದಲ್ಲಿ ಆಡಿ ಗಳಿಸಿದ ಅಂಕ ಲೆಕ್ಕದ ಪುಸ್ತಕದ ತಪ್ಪಿಗೆ ಹೋಯಿತು. ಲೀಗ್‌ನ ನಿಯಮದಂತೆ ಮೂರು ವರ್ಷಗಳಲ್ಲಿ ಒಟ್ಟು 6.1 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಲು ಆ ಕ್ಲಬ್ಬಿಗೆ ಅವಕಾಶವಿತ್ತು. ಆದದ್ದು ಅದಕ್ಕಿಂತ 3.45 ಕೋಟಿ ಹೆಚ್ಚು. ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲೇ ಮೂರು ವರ್ಷ ಇದ್ದವರಿಗೆ ಮಿತಿ 10.5 ಕೋಟಿ ಇತ್ತು, ಫಾರೆಸ್ಟ್ ಆ ಮೂರರಲ್ಲಿ ಎರಡು ವರ್ಷ ಕೆಳಗಿನ ದರ್ಜೆಯಲ್ಲಿದ್ದುದರಿಂದ ಅದರ ಮಿತಿ ಕಿರಿದು. ಶಿಕ್ಷೆ ಆರು ಅಂಕದಿಂದ ಶುರುವಾಗಿ, ತಪ್ಪೊಪ್ಪಿಕೊಂಡು ಸಹಕರಿಸಿದ್ದಕ್ಕೆ ಎರಡು ಕಡಿಮೆಯಾಗಿ, ನಾಲ್ಕಕ್ಕೆ ನಿಂತಿತು. ಕ್ಲಬ್ಬು ಮೇಲ್ಮನವಿ ಹೋದರೂ ಫಲ ಸಿಗಲಿಲ್ಲ.

ಇಷ್ಟು ನಷ್ಟ ಹೇಗಾಯಿತು ಎಂದು ಕೇಳಿದರೆ 2022ರ ಬೇಸಿಗೆಗೆ ಹೋಗಬೇಕು. ಆ ವರ್ಷ ಮೇ 29ರಂದು ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ತಂಡವನ್ನು 1-0ಯಿಂದ ಸೋಲಿಸಿ ಫಾರೆಸ್ಟ್ 23 ವರ್ಷಗಳ ಬಳಿಕ ಮೇಲಿನ ಲೀಗ್‌ಗೆ ಮರಳಿತು. ಆದರೆ ಆ ಗೆದ್ದ ತಂಡದಲ್ಲಿ ಹಲವರು ಎರವಲು ಆಟಗಾರರು. ಜೆಡ್ ಸ್ಪೆನ್ಸ್ ಮಿಡಲ್ಸ್‌ಬರೊದವನು, ಜೇಮ್ಸ್ ಗಾರ್ನರ್ ಮ್ಯಾಂಚೆಸ್ಟರ್ ಯುನೈಟೆಡ್‌ನವನು, ಕೀನನ್ ಡೇವಿಸ್ ಆಸ್ಟನ್ ವಿಲ್ಲಾದವನು. ಅಂದಿನ ಏಕೈಕ ಗೋಲು ಕೂಡ ಎದುರಾಳಿ ಲೀವೈ ಕೋಲ್‌ವಿಲ್ ತನ್ನ ಬಲೆಗೇ ಹೊಡೆದದ್ದು. ಅವನೂ ಹಡರ್ಸ್‌ಫೀಲ್ಡ್‌ಗೆ ಚೆಲ್ಸಿಯಿಂದ ಎರವಲು ಬಂದವನೇ! ಇಂಗ್ಲಿಷಿನವರು ಇದನ್ನು ಲೋನ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳ ಕ್ರೀಡಾಪುಟ ಅದನ್ನು ಸಾಲ ಎನ್ನದೆ ಎರವಲು ಎಂದದ್ದು ಸರಿಯಾಗಿದೆ. ಸಾಲ ತಂದದ್ದನ್ನು ಖರ್ಚು ಮಾಡಿ ಬೇರೆ ದುಡ್ಡಿನಿಂದ ತೀರಿಸಬಹುದು. ಎರವಲು ತಂದ ಕೊಳಗವನ್ನು ಅದೇ ಕೊಳಗವಾಗಿ ವಾಪಸು ಕೊಡಬೇಕು. ಫಾರೆಸ್ಟ್ ಕೊಟ್ಟಿತು. ಸಂಭ್ರಮದ ಮೆರವಣಿಗೆ ಮುಗಿಯುವಷ್ಟರಲ್ಲಿ ತಂಡ ಖಾಲಿ.

ತುಂಬಿಸಿದ ರೀತಿ ಇಂಗ್ಲೆಂಡಿನವರೇ ಬಾಯಿ ಬಿಡುವಂತಿತ್ತು. ಮಾಲೀಕ ಇವಾಂಜೆಲೊಸ್ ಮರಿನಾಕಿಸ್ ಗ್ರೀಸಿನ ಹಡಗು ಉದ್ಯಮಿ. ದುಡ್ಡಿಗೆ ಕೊರತೆಯಿಲ್ಲ, ತಾಳ್ಮೆಗೆ ಇದ್ದೀತು. ಒಂದೇ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಬಂದರು, ಜನವರಿಯಲ್ಲಿ ಇನ್ನಷ್ಟು. ತರಬೇತುದಾರ ಸ್ಟೀವ್ ಕೂಪರ್ ಆ ಗುಂಪನ್ನು ಹೇಗೋ ತಂಡವಾಗಿಸಿ 16ನೇ ಸ್ಥಾನದಲ್ಲಿ ಉಳಿಸಿದರು. ಇದನ್ನು ಹುಚ್ಚಾಟ ಎಂದು ನಕ್ಕವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಹನ್ನೊಂದು ಜನ ಬೇಕಾದ ಆಟಕ್ಕೆ ಜನರೇ ಇಲ್ಲದಾಗ ಯಾರಾದರೂ ಬಂದೇ ತೀರಬೇಕಿತ್ತು. ಎಷ್ಟು ಜನ ಎನ್ನುವುದರಲ್ಲಿ ಮಾತ್ರ ಕೈ ಜಾರಿತು.

ಹೀಗೆ ಕೊಂಡವರ ಬೆಲೆ ನಷ್ಟದ ಪುಸ್ತಕಕ್ಕೆ ಏರುವ ಲೆಕ್ಕದ ಒಳಗುಟ್ಟು ಇಲ್ಲಿದೆ. ಐದು ಕೋಟಿ ಕೊಟ್ಟು ಆಟಗಾರನೊಬ್ಬನನ್ನು ಐದು ವರ್ಷದ ಕರಾರಿಗೆ ತಂದರೆ ಪುಸ್ತಕದಲ್ಲಿ ಐದು ಕೋಟಿಯೂ ಆ ವರ್ಷದ ಖರ್ಚಲ್ಲ. ವರ್ಷಕ್ಕೆ ಒಂದೊಂದು ಕೋಟಿ. ಎರಡು ವರ್ಷವಾದಾಗ ಅವನ ಪುಸ್ತಕದ ಬೆಲೆ ಮೂರು ಕೋಟಿ, ಕರಾರು ಮುಗಿದ ದಿನ ಸೊನ್ನೆ. ಇದಕ್ಕೆ ಇಂಗ್ಲಿಷಿನಲ್ಲಿ ಅಮಾರ್ಟೈಸೇಷನ್ ಎಂದು ಹೆಸರು. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಈ ಕ್ರಮ ಕಡ್ಡಾಯವಾದದ್ದು 1990ರ ದಶಕದ ಕೊನೆಯಲ್ಲಿ. ಮೊದಲೆಲ್ಲ ಲೆಕ್ಕಿಗರ ಕೋಣೆಯಲ್ಲಿದ್ದ ಈ ಪದ ಈಗ ಪಬ್‌ನಲ್ಲಿ ಬಿಯರ್ ಹಿಡಿದ ಅಭಿಮಾನಿಯ ಬಾಯಲ್ಲೂ ನಲಿದಾಡುತ್ತದೆ.

ಆ ಪದದ ಹೊಟ್ಟೆ ಬಗೆದರೆ ಒಳಗೆ ‘ಮಾರ್ಟ್’ ಇದೆ. ಲ್ಯಾಟಿನ್ನಿನಲ್ಲಿ ಸಾವು. ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ, ಜಮೀನನ್ನು ಮಠಕ್ಕೋ ಚರ್ಚಿಗೋ ಮತ್ತೆ ಕೈಬದಲಾಗದಂತೆ ಬಿಟ್ಟುಕೊಡುವುದು. ಸತ್ತ ಕೈಗೆ ಹಾಕುವುದು ಎನ್ನುತ್ತಿದ್ದರು. ಸಾಲವನ್ನು ಸ್ವಲ್ಪಸ್ವಲ್ಪವೇ ಸಾಯಿಸುವ ಅರ್ಥ ಆಮೇಲೆ ಸೇರಿಕೊಂಡಿತು. ಮನೆ ಅಡವಿಡುವ ಮಾರ್ಟ್‌ಗೇಜ್‌ನಲ್ಲೂ ಅದೇ ಹೆಣವಿದೆ. ನಮ್ಮ ಮೃತ್ಯು, ಮರಣಗಳ ದೂರದ ನೆಂಟ ಅದು. ಆದರೆ ಇಂಗ್ಲಿಷ್ ಆಡುವವನಿಗೆ ಅಮಾರ್ಟೈಸೇಷನ್ ಎಂದಾಗ ಸಾವು ಕೇಳಿಸುವುದಿಲ್ಲ, ಹೆಣ ಹೂತುಹೋಗಿದೆ. ಕನ್ನಡದವನಿಗೆ ‘ತೀರಿಸು’ ಎಂದರೆ ಎರಡೂ ಕೇಳಿಸುತ್ತವೆ. ಅಮಾರ್ಟೈಸೇಷನ್‌ಗೆ ನಮ್ಮಲ್ಲಿ ಭಾರಿ ಭಾರಿ ಸಂಸ್ಕೃತ ಪದ ಕಟ್ಟುವವರಿದ್ದಾರೆ. ಬ್ಯಾಂಕಿನವರು ಸಾಲ ತೀರುವಳಿ ಎನ್ನುವಾಗ ಅದರ ಹತ್ತಿರವೇ ನಿಂತಿರುತ್ತಾರೆ. ‘ಬೆಲೆ ತೀರಿಕೆ’ ಎಂದರೆ ಯಾರಿಗೂ ಪದಕೋಶ ಬೇಕಾಗದು.

ಕೊಂಡ ಆಟಗಾರ ಹೀಗೆ ಪುಸ್ತಕದಲ್ಲಿ ವರ್ಷವರ್ಷ ತೀರುತ್ತ ಹೋಗುತ್ತಾನೆ. ಹಾಗಾದರೆ ಮನೆಯಲ್ಲೇ ಬೆಳೆದವನು? ಎಂಟನೆಯ ವಯಸ್ಸಿಗೆ ಅಕಾಡೆಮಿಗೆ ಸೇರಿ ಅಲ್ಲೇ ದೊಡ್ಡವನಾದವನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಅವನನ್ನು ಸಾಕಿದ ಖರ್ಚು ಆಯಾ ವರ್ಷವೇ ಮುಗಿದಿರುತ್ತದೆ. ತೀರಿಸಲು ಏನೂ ಉಳಿದಿಲ್ಲವಾದ್ದರಿಂದ ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಅಲ್ಲಿಯವರು ಅದನ್ನು ಶುದ್ಧ ಲಾಭ ಎನ್ನುತ್ತಾರೆ. ಬಹುಪಾಲು ಕ್ಲಬ್ಬುಗಳಿಗೆ ಜೂನ್ 30 ಲೆಕ್ಕದ ವರ್ಷದ ಕೊನೆಯ ದಿನ. ಕೊರತೆ ಕಂಡರೆ ಆ ದಿನದೊಳಗೆ ಯಾರನ್ನಾದರೂ ಮಾರಿಯೇ ತೀರಬೇಕು. ಯಾರನ್ನು ಮಾರಿದರೆ ಪುಸ್ತಕ ಹೆಚ್ಚು ಹಸಿರಾಗುತ್ತದೆ ಎಂದು ನೋಡಿದರೆ ಬೆರಳು ಹೋಗಿ ನಿಲ್ಲುವುದು ಊರಿನ ಹುಡುಗನ ಮೇಲೆ.

ನಾಟಿಂಗ್‌ಹ್ಯಾಮ್‌ನಲ್ಲಿ ಆ ಹುಡುಗ ಬ್ರೆನನ್ ಜಾನ್ಸನ್. ಹುಟ್ಟಿದ್ದು ಅದೇ ಊರಿನಲ್ಲಿ, ಆಡಲು ಕಲಿತದ್ದು ಅದೇ ಕ್ಲಬ್ಬಿನಲ್ಲಿ, ಅಪ್ಪ ಡೇವಿಡ್ ಜಾನ್ಸನ್ ಕೂಡ ಅದೇ ಅಂಗಿ ತೊಟ್ಟು ಗೋಲು ಹೊಡೆದವರು. ಫಾರೆಸ್ಟ್ ಅವನನ್ನು ಟಾಟನ್‌ಹ್ಯಾಮ್‌ಗೆ 4.75 ಕೋಟಿ ಪೌಂಡ್‌ಗೆ ಮಾರಿತು. ಕೊರತೆ ತುಂಬಿ ಮಿಗುವಷ್ಟು. ಆದರೆ ಮಾರಿದ ದಿನ 2023ರ ಸೆಪ್ಟೆಂಬರ್ 1. ಜೂನ್‌ನಲ್ಲೇ ಕೊಟ್ಟಿದ್ದರೆ ಕಡಿಮೆ ಬೆಲೆಗೆ ಹೋಗುತ್ತಿದ್ದ, ಕಾದದ್ದರಿಂದ ಒಳ್ಳೆಯ ಬೆಲೆ ಬಂತು, ಕ್ಲಬ್ಬಿನ ಆರೋಗ್ಯ ನೋಡುವ ನಿಯಮ ಇದನ್ನು ಮೆಚ್ಚಬೇಕಲ್ಲವೇ ಎಂಬುದು ಕ್ಲಬ್ಬಿನ ವಾದ. ಆಯೋಗ ಒಪ್ಪಲಿಲ್ಲ. ಗಡುವು ಗಡುವೇ. ಕಂದಾಯ ಕಟ್ಟಲು ತಡಮಾಡಿದ ರೈತ ‘ಬೆಲೆ ಬರಲೆಂದು ಕಾದೆ ಸ್ವಾಮಿ’ ಎಂದರೆ ಶಾನುಭೋಗರು ದಂಡ ಬಿಟ್ಟಾರೆಯೇ?

ಆಯೋಗದ ತೀರ್ಪು ಸರಿ ಎಂದೇ ನಾನೂ ಒಪ್ಪುತ್ತೇನೆ. ನನ್ನ ತಕರಾರು ನಿಯಮದ ಕಣ್ಣಿನ ಬಗ್ಗೆ. ಅದಕ್ಕೆ ಕಾಣುವುದು ಪುಸ್ತಕದಲ್ಲಿ ತೀರುವ ಬೆಲೆ ಮಾತ್ರ. ‘ಈ ಊರಿನ ಅನ್ನದ ಋಣ ತೀರಿತು’ ಎಂದು ಕನ್ನಡದಲ್ಲಿ ಊರು ಬಿಡುವವರು ಹೇಳುವುದುಂಟು. ಅಲ್ಲಿ ತೀರುವ ಋಣಕ್ಕೆ ಪೌಂಡಿನ ಲೆಕ್ಕವಿಲ್ಲ, ಯಾವ ಕಾಲಮ್ಮೂ ಇಲ್ಲ. ಕೊಂಡವನನ್ನು ಉಳಿಸಿಕೊಳ್ಳುವುದಕ್ಕೂ ಮನೆಯಲ್ಲೇ ಬೆಳೆದವನನ್ನು ಕಳಿಸುವುದಕ್ಕೂ ಬಹುಮಾನ ಕೊಡುವ ಲೆಕ್ಕಕ್ಕೆ ಆ ಋಣ ಕಾಣಿಸದು.

ಹಾಗೆಂದು ನಿಯಮವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಮ್ಯಾಂಚೆಸ್ಟರ್ ಬಳಿಯ ಬರಿ ಎಂಬ ಕ್ಲಬ್ಬು 1894ರಿಂದ ಲೀಗ್‌ನಲ್ಲಿತ್ತು, ಎರಡು ಸಲ ಎಫ್‌ಎ ಕಪ್ ಗೆದ್ದಿತ್ತು. ಸಾಲದಲ್ಲಿ ಮುಳುಗಿ 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದ ಹೊರಬಿತ್ತು. ಅದರ ಸಾಲ ತೀರಲಿಲ್ಲ, ಕ್ಲಬ್ಬೇ ತೀರಿಹೋಯಿತು ಎಂದು ಬರೆಯಲು ಆಗ ಯಾವ ಕನ್ನಡ ವರದಿಗಾರನೂ ಇರಲಿಲ್ಲ, ಪಾಪ.

ಇನ್ನೂ ಸ್ವಾರಸ್ಯದ ಕತೆ ಡರ್ಬಿಯದು. ನಾಟಿಂಗ್‌ಹ್ಯಾಮ್‌ಗೂ ಡರ್ಬಿಗೂ ನಡುವಿನ ಹೆದ್ದಾರಿಗೆ ಬ್ರಯನ್ ಕ್ಲಫ್ ಹೆಸರಿದೆ. ಎರಡೂ ಕ್ಲಬ್ಬುಗಳನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದ ಬಾಯಿಬಡುಕ ತರಬೇತುದಾರ ಮಹಾಶಯ. ಡರ್ಬಿ ಕೌಂಟಿಯವರು ಆಟಗಾರರ ಬೆಲೆಯನ್ನು ಸಮನಾಗಿ ತೀರಿಸಲು ಒಪ್ಪಲಿಲ್ಲ. ಕರಾರಿನ ಕೊನೆಗೂ ಆಟಗಾರನಿಗೆ ಏನಾದರೂ ಬೆಲೆ ಉಳಿದಿರುತ್ತದಲ್ಲ, ಅವನೇನು ಸತ್ತಿರುತ್ತಾನೆಯೇ ಎಂಬ ಧಾಟಿಯಲ್ಲಿ ಲೆಕ್ಕ ಬರೆದರು. ಲೀಗ್ ಅದನ್ನು ಪ್ರಶ್ನಿಸಿತು. ಒಂದು ಸುತ್ತಿನಲ್ಲಿ ಡರ್ಬಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು, ಪುಸ್ತಕ ತಿದ್ದಿ ಬರೆಯಬೇಕಾಯಿತು. ತಿದ್ದಿದಾಗ ನಷ್ಟ ಮಿತಿ ಮೀರಿತ್ತು. ಕ್ಲಬ್ಬು ದಿವಾಳಿಯ ಅಂಚಿಗೆ ಹೋಗಿ ಆಡಳಿತಾಧಿಕಾರಿಗಳ ಕೈಗೆ ಬಿದ್ದದ್ದಕ್ಕೆ 12, ಲೆಕ್ಕದ ತಪ್ಪಿಗೆ 9, ಒಟ್ಟು 21 ಅಂಕ ಕಳೆದುಕೊಂಡು 2022ರಲ್ಲಿ ಮೂರನೆಯ ದರ್ಜೆಗೆ ಇಳಿಯಿತು. ಅದೇ ವಸಂತದಲ್ಲಿ ಪಕ್ಕದ ಫಾರೆಸ್ಟ್ ಮೇಲೇರಿತು. ಡರ್ಬಿಯವರ ವಾದದಲ್ಲಿ ಹುರುಳಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಅವರ ಉದ್ದೇಶದಲ್ಲಿ ಇರಲಿಲ್ಲ.

ಕ್ಲಫ್ ಹೆಸರು ಬಂದ ಮೇಲೆ ಇದನ್ನು ಬಿಡಲಾರೆ. 1979ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಟ್ರೆವರ್ ಫ್ರಾನ್ಸಿಸ್ ಅವರನ್ನು ತಂದು ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರನನ್ನಾಗಿ ಮಾಡಿದ್ದು ಫಾರೆಸ್ಟ್. ಹುಡುಗನ ತಲೆ ತಿರುಗಬಾರದೆಂದು ತಾನು ಕೊಟ್ಟದ್ದು ಹತ್ತು ಲಕ್ಷಕ್ಕೆ ಒಂದು ಪೌಂಡ್ ಕಡಿಮೆ ಎಂದು ಕ್ಲಫ್ ಹೇಳಿಕೊಂಡು ತಿರುಗಿದರು. ತೆರಿಗೆ ಸೇರಿಸಿದರೆ ಹತ್ತು ಲಕ್ಷ ದಾಟುತ್ತಿತ್ತು. ಮೂರೇ ತಿಂಗಳಿಗೆ ಮ್ಯೂನಿಕ್‌ನಲ್ಲಿ ಫ್ರಾನ್ಸಿಸ್ ತಲೆಯಿಂದ ಹೊಡೆದ ಗೋಲಿಗೆ ಫಾರೆಸ್ಟ್ ಯುರೋಪಿನ ಕಪ್ ಗೆದ್ದಿತು. ಮರುವರ್ಷ ಮತ್ತೊಮ್ಮೆ. ಕೊಟ್ಟ ದುಡ್ಡು ಒಂದೇ ಸಂಜೆಯಲ್ಲಿ ತೀರಿತು ಎಂದು ಊರಿನವರು ಭಾವಿಸಿದರೆ ಅದಕ್ಕೆ ಯಾವ ಆಡಿಟರೂ ಅಡ್ಡ ಬರಲಿಲ್ಲ.

ಈಗ ಆಡಿಟರ್ ಬರುತ್ತಾನೆ, ಅವನ ಹಿಂದೆ ಉಪಾಯಗಾರರೂ ಬರುತ್ತಾರೆ. ಚೆಲ್ಸಿ 2023ರ ಜನವರಿಯಲ್ಲಿ ಮಿಖೈಲೊ ಮುದ್ರಿಕ್‌ಗೆ ಎಂಟೂವರೆ ವರ್ಷದ ಕರಾರು ಬರೆದಾಗ ಎಲ್ಲರಿಗೂ ಗೊತ್ತಾಯಿತು: ತೀರಿಸುವ ಅವಧಿ ಉದ್ದವಾದಷ್ಟೂ ವರ್ಷದ ಕಂತು ಸಣ್ಣದು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಅದರ ಹಿಂದೆ ಪ್ರೀಮಿಯರ್ ಲೀಗ್, ಐದು ವರ್ಷಕ್ಕಿಂತ ಹೆಚ್ಚು ಕಾಲ ಹಂಚಬಾರದೆಂದು ಬಾಗಿಲು ಹಾಕಿದವು. ಅಷ್ಟರಲ್ಲಿ ಚೆಲ್ಸಿ ತನ್ನ ಎರಡು ಹೋಟೆಲ್‌ಗಳನ್ನು ತನ್ನದೇ ಸೋದರ ಕಂಪನಿಗೆ ಮಾರಿ ಲಾಭ ತೋರಿಸಿತ್ತು. ಬಲಗೈಯಿಂದ ಎಡಗೈಗೆ ಕೊಟ್ಟರೂ ಅದು ವ್ಯಾಪಾರವೇ. ಇಂಥ ಚಮತ್ಕಾರ ನೋಡಿ ಸಾಕಾದ ಲೀಗ್ 2026-27ರಿಂದ ನಷ್ಟದ ಮಿತಿಯ ಬದಲು ತಂಡದ ಖರ್ಚು ಆದಾಯದ ಶೇ 85 ಮೀರಬಾರದೆಂಬ ಹೊಸ ನಿಯಮಕ್ಕೆ ಒಪ್ಪಿದೆ. ಆ ಖರ್ಚಿನೊಳಗೂ ಆಟಗಾರರ ಬೆಲೆ ತೀರಿಕೆಯ ಕಂತು ಇದ್ದೇ ಇದೆ.

ಜಾನ್ಸನ್ 2025ರ ಮೇ 21ರಂದು ಬಿಲ್ಬಾವ್‌ನಲ್ಲಿ ಟಾಟನ್‌ಹ್ಯಾಮ್ ಪರ ಏಕೈಕ ಗೋಲು ಹೊಡೆದು ಯುರೋಪಾ ಲೀಗ್ ಗೆಲ್ಲಿಸಿದ. ಟಾಟನ್‌ಹ್ಯಾಮ್‌ನ 17 ವರ್ಷಗಳ ಬರ ಹಿಂಗಿತು. ಆದರೆ ಅದೇ ವರ್ಷ ಇಂಗ್ಲೆಂಡಿನ ಪಟ್ಟಿಯಲ್ಲಿ ಟಾಟನ್‌ಹ್ಯಾಮ್ 17ನೆಯದು, ಅವನನ್ನು ಮಾರಿಕೊಂಡ ಫಾರೆಸ್ಟ್ 7ನೆಯದು. ಯಾರಿಗೆ ಯಾರ ಋಣ ಎಷ್ಟು ತೀರಿತೋ ಹೇಳುವುದು ಕಷ್ಟ.

ಫಾರೆಸ್ಟ್ ಅಷ್ಟು ಮೇಲೇರಿದ್ದರಲ್ಲಿ ಎಲಿಯಟ್ ಆಂಡರ್ಸನ್ ಪಾಲು ದೊಡ್ಡದು. ಅವನು ನ್ಯೂಕಾಸಲ್‌ನ ಅಕಾಡೆಮಿಯ ಹುಡುಗ, ಅವನ ಅಜ್ಜನೂ ಆ ಕ್ಲಬ್ಬಿಗೆ ಆಡಿದವರು. 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್‌ನ ಪುಸ್ತಕ ತೂಗಬೇಕಿತ್ತು. ಕಳಿಸಲು ಮನಸ್ಸಿರಲಿಲ್ಲ, ಕಳಿಸಿದರು. ಫಾರೆಸ್ಟ್ ಸುಮಾರು 3.5 ಕೋಟಿ ಪೌಂಡ್ ಕೊಟ್ಟಿತು; ಎದುರಿಗೆ ಗೋಲ್‌ಕೀಪರ್ ವ್ಲಾಖೊಡಿಮೊಸ್ ಸುಮಾರು 2 ಕೋಟಿಗೆ ನ್ಯೂಕಾಸಲ್ ಸೇರಿ, ಆ ವರ್ಷ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಬೆಂಚಿನಲ್ಲಿ ಕೂತರು. ನ್ಯೂಕಾಸಲ್‌ನ ಪುಸ್ತಕದಲ್ಲಿ ಆಂಡರ್ಸನ್‌ಗೆ ಎಂದೂ ಬೆಲೆ ಇರಲಿಲ್ಲ. ಐದು ವರ್ಷದ ಕರಾರಿನ ಮೇಲೆ ಫಾರೆಸ್ಟ್‌ನ ಪುಸ್ತಕದಲ್ಲಿ ಅವನು ವರ್ಷಕ್ಕೆ 70 ಲಕ್ಷ ಪೌಂಡ್‌ನಂತೆ ತೀರುತ್ತಿರುವಾಗ, ಅಂಗಳದಲ್ಲಿ ಇಂಗ್ಲೆಂಡ್ ತಂಡಕ್ಕೇ ಆಯ್ಕೆಯಾದ.