ಕಲ್ಲಿನಿಂದ ನೀರು, ತಾಮ್ರದಿಂದ ಚಿತ್ರ

ಮರುಭೂಮಿಯಲ್ಲಿ ಬಾಯಾರಿ ಗೊಣಗುತ್ತಿದ್ದ ಜನರಿಗಾಗಿ ಮೋಶೆ ಬಂಡೆಗೆ ಕೋಲಿನಿಂದ ಹೊಡೆದು ನೀರು ಬರಿಸಿದ ಕಥೆ ಬೈಬಲ್ಲಿನಲ್ಲಿದೆ. ಫ್ರೆಂಚ್ ಚಿತ್ರಕಾರ ನಿಕೊಲಾ ಪೂಸಾಂ 1649ರಲ್ಲಿ ಇದನ್ನು ತನ್ನ ಗೆಳೆಯ, ಚಿತ್ರಕಾರ ಜಾಕ್ ಸ್ಟೆಲಾಗಾಗಿ ಬರೆದ. ಆದರೆ ಗೋಡೆಯ ಮೇಲಿನ ಚಿತ್ರ ಒಂದೇ ತಾನೇ? ನೋಡಬೇಕೆಂದರೆ ಆ ಗೋಡೆಯ ಮುಂದೆಯೇ ಹೋಗಿ ನಿಲ್ಲಬೇಕು.

ಅದನ್ನು ಕಾಗದದ ಮೇಲೆ ಹತ್ತಾರು ಕೈಗಳಿಗೆ ತಲುಪಿಸಿದವಳು ಸ್ಟೆಲಾನ ಸೋದರಿಯ ಮಗಳು ಕ್ಲೋದೀನ್ ಬೂಜೊನೆ ಸ್ಟೆಲಾ. 1636ರಲ್ಲಿ ಲಿಯೋಂನಲ್ಲಿ ಅಕ್ಕಸಾಲಿಗನ ಮಗಳಾಗಿ ಹುಟ್ಟಿದ ಈಕೆ ಪ್ಯಾರಿಸ್ಸಿಗೆ ಬಂದು ಮಾವನ ಹತ್ತಿರ ಕೆಲಸ ಕಲಿತಳು. 1657ರಲ್ಲಿ ಮಾವ ತೀರಿಕೊಂಡ ಮೇಲೆ ತಮ್ಮ, ತಂಗಿಯರ ಜೊತೆ ಲೂವ್ರ್ ಅರಮನೆಯಲ್ಲಿದ್ದ ಅವನ ಬಿಡಾರದಲ್ಲೇ ಉಳಿದು ಕೆಲಸ ಮುಂದುವರಿಸಿದಳು. ಮೋಶೆಯ ಚಿತ್ರದ ಕೆತ್ತನೆ 1687ರದು. ಆಗ ಅವಳಿಗೆ ಐವತ್ತು ದಾಟಿತ್ತು.

ಕೆತ್ತನೆ ಅಂದರೆ ಹೇಗೆ? ನುಣುಪಾದ ತಾಮ್ರದ ತಗಡಿನ ಮೇಲೆ ಚೂಪು ಉಳಿಯಿಂದ ಗೆರೆ ಕೊರೆಯಬೇಕು. ಮಸಿ ಬಳಿದು ಒರೆಸಿದರೆ ಗೆರೆಯೊಳಗೆ ಮಾತ್ರ ಮಸಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಕಾಗದ ಇಟ್ಟು ಎರಡು ರೋಲರುಗಳ ನಡುವೆ ಒತ್ತಿ ತೆಗೆಯುವುದು. ಅಚ್ಚು ತಿರುಗುಮುರುಗಾಗಿ ಬರುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು. ಗೆರೆ ತಪ್ಪಿದರೆ ಉಜ್ಜಿ, ಹಿಂದಿನಿಂದ ತಟ್ಟಿ ಸಮ ಮಾಡಬೇಕು. ಕಂಟ್ರೋಲ್-ಝಡ್ ಇಲ್ಲ ಸ್ವಾಮಿ!

ಇನ್ನೊಂದು ಮಾತು. ಪೂಸಾಂನ ಕೈಯಲ್ಲಿ ಕೆಂಪು, ನೀಲಿ, ಹಳದಿ ಇದ್ದವು. ಕ್ಲೋದೀನಳಿಗೆ ಇದ್ದದ್ದು ಕಪ್ಪು ಗೆರೆ, ಬಿಳಿ ಕಾಗದ ಮಾತ್ರ. ಬಟ್ಟೆಯ ಮಡಿಕೆ, ಬಂಡೆಯ ಒರಟು, ನೀರಿನ ಹೊಳಪು ಎಲ್ಲವನ್ನೂ ಗೆರೆಯ ದಪ್ಪ, ಅಂತರ, ಬಾಗಿನಲ್ಲೇ ತೋರಿಸಬೇಕು. ಯಾವ ಬಣ್ಣಕ್ಕೆ ಎಂಥ ಗೆರೆ ಅನ್ನುವುದು ಪೂಸಾಂ ಹೇಳಿಕೊಟ್ಟದ್ದಲ್ಲ, ಅವನು 1665ರಲ್ಲೇ ತೀರಿಕೊಂಡಿದ್ದ. ಆ ತೀರ್ಮಾನಗಳೆಲ್ಲ ಅವಳವೇ. ಇದನ್ನು ಬರೀ 'ನಕಲು' ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಅವಳು ಲೆಕ್ಕದಲ್ಲೂ ಗಟ್ಟಿಗಿತ್ತಿ. 1693ರಿಂದ 1697ರಲ್ಲಿ ಸಾಯುವವರೆಗೆ ತನ್ನ ಉಯಿಲು, ಆಸ್ತಿಪಟ್ಟಿ ಎರಡನ್ನೂ ಕೈಯಾರೆ ಬರೆದಳು. ಮನೆಯಲ್ಲಿದ್ದ ಚಿತ್ರಗಳು, ತಾಮ್ರದ ತಗಡುಗಳು ಎಲ್ಲ ಅದರಲ್ಲಿವೆ. 1877ರಲ್ಲಿ ಅಚ್ಚಾದ ಆ ಪಟ್ಟಿ ಪೂಸಾಂನ ಚಿತ್ರಗಳು ಯಾರ ಬಳಿ ಇದ್ದವು ಎಂದು ಹುಡುಕುವವರಿಗೆ ಇಂದಿಗೂ ಆಧಾರ.

ಮೂಲ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಮುಂದೆ ಎಲ್ಲಾದರೂ ಹಳೆಯ ಅಚ್ಚುಚಿತ್ರ ಕಂಡರೆ ಕೆಳಗಿನ ಅಂಚನ್ನೂ ನೋಡಿ. ಸಾಮಾನ್ಯವಾಗಿ ಎಡಗಡೆ ಚಿತ್ರ ಬರೆದವರ ಹೆಸರು, ಬಲಗಡೆ ಕೆತ್ತಿದವರ ಹೆಸರು. ನಾವು ಎಡಗಡೆಯದನ್ನು ಓದಿ ಮುಂದೆ ಹೋಗಿಬಿಡುತ್ತೇವೆ, ಅಲ್ಲವೇ?